ಸೂರಿನ ಅಡಿ ಮುಚ್ಚಿಸುವ ಮುನ್ನ: ಹೊರಗೋಡೆಯ ಹಳೆಯ ಪ್ಲಗ್ ಪಾಯಿಂಟ್‌ಗಳನ್ನು ಏನು ಮಾಡಬೇಕು?

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಎಷ್ಟೋ ಮನೆಗಳ ಹೊರಗೋಡೆಯಲ್ಲಿ, ಸೂರಿಗೆ ತಾಗಿದಂತೆ, ಒಂದೆರಡು ಪ್ಲಗ್ ಪಾಯಿಂಟ್ ಇರುತ್ತವೆ. ಕಿಟಕಿಯಾಚೆ ಕೂಲರ್ ಇಡಲೆಂದೋ, ದೀಪಾವಳಿಯ ಸೀರಿಯಲ್ ಸೆಟ್‌ಗೆಂದೋ, ಅಂಗಳದ ಪೆಂಡಾಲಿಗೆಂದೋ ಹಾಕಿಸಿದ್ದು. ಮುಂದೆ ಎಸಿ ಬರುತ್ತದೆ, ಕೂಲರ್ ಮಾಳಿಗೆ ಸೇರುತ್ತದೆ. ಪಾಯಿಂಟ್ ಮಾತ್ರ ಕರೆಂಟ್ ಸಮೇತ ಅಲ್ಲೇ ಉಳಿದಿರುತ್ತದೆ. ಪಾರಿವಾಳ, ಜೇನು, ಕಣಜದ ಕಾಟಕ್ಕೆ ಬೇಸತ್ತು ಸೂರಿನ ಅಡಿಗೆ ಪಿವಿಸಿ ಪ್ಯಾನೆಲ್ ಅಥವಾ ಸಿಮೆಂಟ್ ಬೋರ್ಡ್ ಹೊಡೆಸುವಾಗ ಈ ಪಾಯಿಂಟ್ ಅಡ್ಡ ಬರುತ್ತದೆ. ಪ್ಯಾನೆಲ್ ಕೆಲಸದವರಿಗೆ ಅದು ತಮ್ಮ ಬಾಬತ್ತಲ್ಲ. ಯಾರೂ ಹೇಳದಿದ್ದರೆ ಅದರ ಮೇಲೆಯೇ ಪ್ಯಾನೆಲ್ ಹೊರುವ ಲೋಹದ ಚಾನೆಲ್ ಕೂರಿಸಿ ಮುಚ್ಚಿಬಿಡುತ್ತಾರೆ.

ಹಾಗೆ ಮುಚ್ಚಲು ಬಿಡಬೇಡಿ. ಮುಚ್ಚಿದ ಸೂರಿನೊಳಗೆ ಕೈಗೆ ಸಿಗದ ಸಾಕೆಟ್ ಆಗಲಿ, ವೈರಿನ ಜೋಡಣೆಯಾಗಲಿ ಒಂದೂ ಉಳಿಯಬಾರದು. ಬೇಡದ ಪಾಯಿಂಟನ್ನು ಅದು ಹುಟ್ಟುವ ಬೋರ್ಡಿನಿಂದಲೇ ಕಿತ್ತುಹಾಕಿ, ಇಲ್ಲವೇ ಕೈಗೆ ಸಿಗುವ ಜಾಗಕ್ಕೆ ಹೊರತನ್ನಿ. ಮೂರನೆಯ ದಾರಿ ಇಲ್ಲ.

ಮುಚ್ಚಿದರೆ ಒಳಗೆ ಏನಾಗುತ್ತದೆ

ಮೊದಲನೆಯದು ಬಿಸಿಲು. ಇಲ್ಲಿ ಮೇ ತಿಂಗಳಲ್ಲಿ ನೆರಳಿನಲ್ಲೇ 42–43 ಡಿಗ್ರಿ ಮುಟ್ಟುತ್ತದೆ. ಪತ್ರಾದ, ಅಂದರೆ ಚಾವಣಿಯ ತಗಡಿನ, ಅಡಿಯ ಮುಚ್ಚಿದ ಜಾಗ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಮನೆಗೆ ಬಳಸುವ ಸಾಮಾನ್ಯ ವೈರಿನ ತಾಮ್ರ 70 ಡಿಗ್ರಿಗಿಂತ ಹೆಚ್ಚು ಕಾಯಬಾರದು, ಅದರ ಮೇಲಿನ ಪಿವಿಸಿ ತಾಳುವ ಮಿತಿ ಅಷ್ಟೇ. ಸುತ್ತಲಿನ ಗಾಳಿಯೇ ಅರ್ಧಕ್ಕಿಂತ ಹೆಚ್ಚು ದಾರಿ ಸವೆಸಿದ್ದರೆ ಕರೆಂಟು ಹರಿದು ಹುಟ್ಟುವ ಬಿಸಿಗೆ ಉಳಿಯುವ ಜಾಗ ಕಡಿಮೆ. ಹಗಲು ಹಿಗ್ಗಿ ರಾತ್ರಿ ಕುಗ್ಗಿ ಸ್ಕ್ರೂ ಟರ್ಮಿನಲ್‌ಗಳು ಸಡಿಲಾಗುತ್ತವೆ. ಸಡಿಲಾದ ಜೋಡಣೆ ತಾನೇ ಇನ್ನಷ್ಟು ಕಾಯುತ್ತದೆ, ಪ್ಲಾಸ್ಟಿಕ್ ಕಂದಿ ಕಪ್ಪಾಗುತ್ತದೆ. ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚಾದ ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ, ಏಕೆಂದರೆ ಹರಿಯುವ ಕರೆಂಟು ಹೆಚ್ಚಾಗಿರುವುದಿಲ್ಲ.

ಎರಡನೆಯದು ಧೂಳು ಮತ್ತು ಮೊದಲ ಮಳೆ. ಬೇಸಿಗೆಯುದ್ದಕ್ಕೂ ಸಾಕೆಟ್ಟಿನ ತೂತುಗಳಲ್ಲಿ ಕೂತ ಸಣ್ಣ ಧೂಳು ಜೂನ್‌ನ ಮಳೆಗೆ ಹಸಿಯಾಗಿ ಫೇಸ್‌ನಿಂದ ಅರ್ತ್‌ಗೆ ಸಣ್ಣ ದಾರಿ ಮಾಡಿಕೊಡುತ್ತದೆ. ಮಳೆ ಬಂದಾಗಲೆಲ್ಲ, ಕರೆಂಟು ಸೋರಿದರೆ ಲೈನ್ ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳುವ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಹೊರಗಿನ ಪಾಯಿಂಟ್‌ಗಳನ್ನೇ. ಸೂರಿನೊಳಗೆ ಮನೆ ಮಾಡುವ ಇಲಿ, ಅಳಿಲುಗಳು ವೈರಿನ ಮೇಲಿನ ಪ್ಲಾಸ್ಟಿಕ್ ಕಡಿಯುತ್ತವೆ.

ಮೂರನೆಯದು ಎಲ್ಲಕ್ಕಿಂತ ಅಪಾಯದ್ದು. ಪ್ಯಾನೆಲ್ ಹೊರುವ ಜಿಐ ಚಾನೆಲ್‌ಗಳು ಕಬ್ಬಿಣದ ಪೈಪಿಗೆ, ಪೈಪು ಪತ್ರಾಕ್ಕೆ, ಪತ್ರಾ ಬಟ್ಟೆ ಒಣಹಾಕುವ ತಂತಿಗೆ ತಾಗಿರುತ್ತದೆ. ಒಂದು ಸ್ಕ್ರೂ ವೈರಿನ ಮೈ ಹರಿದರೆ ಸಾಕು, ಈ ಇಡೀ ಸಾಲಿಗೆ 230 ವೋಲ್ಟ್ ಹತ್ತುತ್ತದೆ. ಅರ್ತ್ ಸರಿಯಿಲ್ಲದ ಮನೆಯಲ್ಲಿ ಯಾವ ಫ್ಯೂಸೂ ಹೋಗುವುದಿಲ್ಲ. ಒದ್ದೆ ಕೈಯಲ್ಲಿ ತಂತಿ ಮುಟ್ಟಿದವರಿಗೆ ಮಾತ್ರ ಗೊತ್ತಾಗುತ್ತದೆ. ಎಸಿಪಿ ಶೀಟ್ ಬಳಸುವವರಿಗೂ ಇದೇ ಮಾತು. ನೋಡಲು ಪ್ಲಾಸ್ಟಿಕ್ಕಿನಂತಿದ್ದರೂ ಅದರ ಎರಡೂ ಮೈ ಅಲ್ಯೂಮಿನಿಯಂ.

ನಿಮ್ಮ ಕೆಲಸ, ವೈರ್‌ಮನ್ ಕೆಲಸ

ಪಟ್ಟಿ ಮಾಡುವುದು, ಫೋಟೋ ತೆಗೆಯುವುದು, ಪ್ಯಾನೆಲ್‌ನವರು ಮತ್ತು ವೈರ್‌ಮನ್ ಒಂದೇ ದಿನ ಮನೆಯಲ್ಲಿರುವಂತೆ ನೋಡಿಕೊಳ್ಳುವುದು, ಸಾಮಾನು ತರುವುದು ನಿಮ್ಮದು. ವೈರು ಬಿಚ್ಚಿ ಜೋಡಿಸುವುದನ್ನು ಪರವಾನಗಿ ಇರುವವರಿಂದಲೇ ಮಾಡಿಸಿ. ಅವರು ಏನು ಮಾಡಬೇಕು, ಯಾವುದನ್ನು ಬಿಡಬಾರದು ಎಂದು ತಿಳಿದು ನಿಂತು ನೋಡಲು ಮುಂದಿನ ವಿವರ ಬೇಕಾಗುತ್ತದೆ.

ಕಂಬದಿಂದ ಮೀಟರ್‌ವರೆಗಿನ ಸರ್ವೀಸ್ ವೈರ್ ಹಲವು ಮನೆಗಳಲ್ಲಿ ಸೂರಿನ ಅಡಿಯಿಂದಲೇ ಒಳಬರುತ್ತದೆ. ಮನೆಯ ಮೇನ್ ಆಫ್ ಮಾಡಿದರೂ ಆ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಅದನ್ನು ಪ್ಯಾನೆಲ್ಲಿನೊಳಗೆ ಸೇರಿಸಬೇಡಿ, ಸರಿಸಬೇಡಿ, ಅದರ ಕ್ಲಾಂಪ್ ಬಿಚ್ಚಬೇಡಿ. ಜಾಗ ಬದಲಿಸಲೇಬೇಕಿದ್ದರೆ ಈ ಭಾಗಕ್ಕೆ ಕರೆಂಟು ಕೊಡುವ ಜೆಸ್ಕಾಂ ಕಂಪನಿಯ ಶಾಖಾ ಕಚೇರಿಗೆ ಅರ್ಜಿ ಕೊಡಿ. ವೈರಿನ ಮೈ ಒಡೆದದ್ದು ಕಂಡರೆ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಮಾಳಿಗೆಯ ಮೇಲೆ ಸೋಲಾರ್ ಕರೆಂಟಿನ ಪ್ಯಾನೆಲ್ ಇದ್ದರೆ ಅದರಿಂದ ಇಳಿಯುವ ಡಿಸಿ ಕೇಬಲ್ಲೂ ಹಾಗೆಯೇ: ಬಿಸಿಲಿರುವಷ್ಟು ಹೊತ್ತು ಜೀವಂತ.

ಮೊದಲು ಪಟ್ಟಿ

ಚಾನೆಲ್ ಹೊಡೆಯುವ ಮುನ್ನ ಮನೆಯ ಸುತ್ತ ಒಂದು ಸುತ್ತು ಬನ್ನಿ. ಪ್ಯಾನೆಲ್ ಯಾವ ಮಟ್ಟಕ್ಕೆ ಬರುತ್ತದೆಯೋ ಅಲ್ಲಿ ಗೋಡೆಗೆ ಸೀಮೆಸುಣ್ಣದ ಗೆರೆ ಎಳೆಸಿ. ಗೆರೆಗಿಂತ ಮೇಲಿರುವ ಪ್ರತಿ ಸಾಕೆಟ್, ಹೋಲ್ಡರ್, ಬೆಲ್, ಕ್ಯಾಮೆರಾ ವೈರು, ಪೈಪಿನ ಬಾಯಿ ಎಲ್ಲವನ್ನೂ ಬರೆದುಕೊಳ್ಳಿ. ಗೆರೆಗೆ ಸರಿಯಾಗಿ ಕೂತಿರುವ ಬಾಕ್ಸನ್ನೂ ಸೇರಿಸಿ. ಅರ್ಧ ಒಳಗೆ, ಅರ್ಧ ಹೊರಗೆ ಉಳಿಯುವ ಬಾಕ್ಸಿನ ಮುಚ್ಚಳ ತೆಗೆಯಲು ಬರುವುದಿಲ್ಲ, ಪ್ಯಾನೆಲ್ ಅಂಚೂ ಕೂರುವುದಿಲ್ಲ.

ಪ್ರತಿ ಪಾಯಿಂಟಿಗೂ ಎರಡು ಪ್ರಶ್ನೆಗೆ ಉತ್ತರ ಬೇಕು. ಇದು ಯಾವ ಬೋರ್ಡಿನಿಂದ, ಯಾವ ಎಂಸಿಬಿಯಿಂದ ಬರುತ್ತದೆ? ಇಲ್ಲಿಂದ ವೈರು ಮುಂದೆ ಎಲ್ಲಿಗಾದರೂ ಹೋಗಿದೆಯೇ? ಮೊದಲನೆಯದಕ್ಕೆ ಒಂದು ಟೇಬಲ್ ಲ್ಯಾಂಪ್ ಚುಚ್ಚಿ ಎಂಸಿಬಿಗಳನ್ನು ಒಂದೊಂದಾಗಿ ಇಳಿಸಿ ನೋಡಿದರೆ ಸಾಕು. ಎರಡನೆಯದು ಬಾಕ್ಸ್ ಬಿಚ್ಚಿದ ಮೇಲೆಯೇ ತಿಳಿಯುವುದು. ಟರ್ಮಿನಲ್ ಒಂದಕ್ಕೆ ಒಂದೇ ವೈರು ಇದ್ದರೆ ಅದು ಕೊನೆಯ ಪಾಯಿಂಟ್. ಎರಡು ವೈರು ಇದ್ದರೆ ಅಲ್ಲಿಂದ ಗೇಟಿನ ಲೈಟಿಗೋ, ಬಚ್ಚಲಿನ ಬಲ್ಬಿಗೋ ಲೂಪ್ ಹೋಗಿದೆ ಎಂದರ್ಥ. ಇದನ್ನು ನೋಡದೆ ಕತ್ತರಿಸಿದರೆ ಪ್ಯಾನೆಲ್ ಮುಚ್ಚಿದ ರಾತ್ರಿ ಗೇಟಿನ ದೀಪ ಹತ್ತುವುದಿಲ್ಲ, ಮತ್ತೆ ಎಲ್ಲ ಬಿಚ್ಚಬೇಕು.

ಕರೆಂಟ್ ತೆಗೆಯುವ ಕ್ರಮ

ಒಂದು ಎಂಸಿಬಿ ಇಳಿಸಿದರೆ ಸಾಲದು. ಹಳೆಯ ವೈರಿಂಗ್‌ನಲ್ಲಿ ಎರಡು ಮೂರು ಸರ್ಕ್ಯೂಟಿಗೆ ಒಂದೇ ನ್ಯೂಟ್ರಲ್ ಎಳೆದಿರುತ್ತಾರೆ. ಆ ನ್ಯೂಟ್ರಲ್ಲನ್ನು ನಡುವೆ ಬಿಚ್ಚಿದಾಗ ಬೇರೆ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ, ಆ ಫ್ಯಾನಿನ ಮೂಲಕವೇ ಕಪ್ಪು ವೈರಿನ ತುದಿಗೆ ಪೂರ್ತಿ ಕರೆಂಟ್ ಬಂದು ನಿಲ್ಲುತ್ತದೆ. ಆದ್ದರಿಂದ ಹೀಗೆ ಮಾಡಿ:

1. ಮಲ್ಟಿಮೀಟರನ್ನು ಎಸಿ ವೋಲ್ಟಿಗೆ ಇಟ್ಟು, ಕರೆಂಟ್ ಇರುವ ಪಾಯಿಂಟ್‌ನಲ್ಲಿ ಅದು ಸರಿಯಾಗಿ ತೋರಿಸುತ್ತದೆಯೇ ನೋಡಿ. ಆಮೇಲೆ ಮೇನ್ ಆಫ್ ಮಾಡಿ. ಮುಚ್ಚಳಕ್ಕೆ ಟೇಪ್ ಹಚ್ಚಿ, "ಕೆಲಸ ನಡೆದಿದೆ, ಹಾಕಬೇಡಿ" ಎಂದು ಬರೆದು ಅಂಟಿಸಿ. ಮನೆಯ ಎಲ್ಲರಿಗೂ ಬಾಯಲ್ಲೂ ಹೇಳಿ.
2. ಇನ್ವರ್ಟರ್ ಆಫ್ ಮಾಡಿ, ಅದರ ಔಟ್‌ಪುಟ್ ಪ್ಲಗ್ ಕಿತ್ತಿಡಿ. ಮೇನ್ ಇಳಿಸಿದ ಕ್ಷಣದಲ್ಲೇ ಇನ್ವರ್ಟರ್ ತಾನಾಗಿ ಶುರುವಾಗುತ್ತದೆ. ಅದರ ಲೈನಿನಲ್ಲಿರುವ ಪಾಯಿಂಟ್‌ಗಳಿಗೆ ಬ್ಯಾಟರಿಯಿಂದ ಬರುವುದೂ ಅದೇ 230 ವೋಲ್ಟ್.
3. ಮೊದಲು ನೋಡಿಟ್ಟ ಮಲ್ಟಿಮೀಟರನ್ನೇ ತೆಗೆದುಕೊಳ್ಳಿ, ಅದು ಎಸಿ ವೋಲ್ಟಿನಲ್ಲೇ ಇರಲಿ.
4. ಕೆಲಸದ ಪಾಯಿಂಟ್‌ನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ತ್, ನ್ಯೂಟ್ರಲ್–ಅರ್ತ್ ಮೂರನ್ನೂ ಅಳೆಯಿರಿ. ಮೂರೂ ಸೊನ್ನೆ ಬಂದ ಮೇಲೆಯೇ ಸ್ಕ್ರೂ ಬಿಚ್ಚುವುದು.

ನಿಯಾನ್ ಟೆಸ್ಟರನ್ನೇ ನಂಬಿ ಕೈ ಹಾಕುವ ರೂಢಿ ನಮ್ಮಲ್ಲಿ ಬಹಳ. ಇಲ್ಲಿಯ ಬಿಸಿಲಿನಲ್ಲಿ ಅದರ ಬೆಳಕು ಕಾಣುವುದೇ ಇಲ್ಲ, ಒಣ ಮರದ ಏಣಿಯ ಮೇಲೆ ನಿಂತರೆ ಇನ್ನೂ ಮಂದವಾಗುತ್ತದೆ. ಟೆಸ್ಟರ್ ಹತ್ತಲಿಲ್ಲವೆಂದರೆ ಕರೆಂಟ್ ಇಲ್ಲವೆಂದಲ್ಲ. ಏಣಿ ಮಾತ್ರ ಮರದ್ದೋ ಫೈಬರಿನದ್ದೋ ಇರಲಿ, ಕಬ್ಬಿಣ ಅಥವಾ ಅಲ್ಯೂಮಿನಿಯಂ ಬೇಡ.

ಬಾಕ್ಸ್ ಬಿಚ್ಚಿದಾಗ

ಪ್ಲೇಟ್ ತೆಗೆಯುತ್ತಲೇ ಕೈ ಒಳಗೆ ಹಾಕಬೇಡಿ. ಕಣಜ ಕಟ್ಟಿದ ಮಣ್ಣಿನ ಗೂಡು, ಹಲ್ಲಿಯ ಮೊಟ್ಟೆ, ಕೆಲವೊಮ್ಮೆ ಚೇಳು ಕೂಡ ಇರುತ್ತದೆ. ಒಣ ಬ್ರಷ್‌ನಿಂದ ತೆಗೆದು ನೋಡಿ. ತಾಮ್ರ ಹಸಿರುಗಟ್ಟಿದ್ದರೆ ನೀರು ಒಳಬಂದಿದೆ. ಪ್ಲಾಸ್ಟಿಕ್ ಸುಲಿದ ಜಾಗದ ಹತ್ತಿರ ಕಂದಾಗಿ ಪುಡಿಯಾಗುತ್ತಿದ್ದರೆ ಅದು ಕಾದಿದೆ. ಅಂಥ ವೈರನ್ನು ತುದಿ ಕತ್ತರಿಸಿ ಮತ್ತೆ ಬಳಸುವ ಮಾತೇ ಬೇಡ, ಹೊಸದು ಎಳೆಸಿ. ಅರ್ತ್‌ನ ಹಸಿರು ವೈರೇ ಇಲ್ಲದೆ ಎರಡೇ ಬಂದಿರುವುದು ಹಳೆಯ ಮನೆಗಳಲ್ಲಿ ಸಾಮಾನ್ಯ. ಆ ಪಾಯಿಂಟನ್ನು ಹೊರಗೆ ಮುಂದುವರಿಸಬಾರದು. ತೆಗೆಸಿ, ಇಲ್ಲವೇ ಅರ್ತ್ ಸಮೇತ ಹೊಸದಾಗಿ ಎಳೆಸಿ. ಹಳೆಯ ವೈರು ಬೆಳ್ಳಗೆ ಕಂಡರೆ ಅಲ್ಯೂಮಿನಿಯಂ ಇರಬಹುದು. ಅದನ್ನು ತಾಮ್ರದ ಜೊತೆ ತಿರುಚಿ ಜೋಡಿಸಿದರೆ ತೇವಕ್ಕೆ ತುಕ್ಕು ತಿಂದು ಸಡಿಲಾಗುತ್ತದೆ.

ಬೇಡದ್ದನ್ನು ಬುಡಸಮೇತ ತೆಗೆಯುವುದು

ಎರಡು ವರ್ಷದಿಂದ ಯಾರೂ ಬಳಸದ, ಮುಂದಕ್ಕೆ ಲೂಪ್ ಇಲ್ಲದ ಪಾಯಿಂಟಿಗೆ ನಮ್ಮ ಸಲಹೆ ಇದೊಂದೇ. ಮನೆಯೊಳಗಿನ ಯಾವ ಬೋರ್ಡಿನಿಂದ ಅದು ಹುಟ್ಟಿದೆಯೋ ಅಲ್ಲಿ ಫೇಸ್, ನ್ಯೂಟ್ರಲ್, ಅರ್ತ್ ಮೂರೂ ಬಿಚ್ಚಬೇಕು.

ಫೇಸ್ ಮಾತ್ರ ಬಿಚ್ಚಿ ಸುಮ್ಮನಾಗುವುದು, ಎಂಸಿಬಿ ಇಳಿಸಿ "ಇನ್ನು ಹಾಕಬೇಡಿ" ಎನ್ನುವುದು ದೊಡ್ಡ ತಪ್ಪು. ಇಳಿದ ಎಂಸಿಬಿಯನ್ನು ಇನ್ನೊಂದು ವರ್ಷದಲ್ಲಿ ಯಾರಾದರೂ ಎತ್ತಿಯೇ ಎತ್ತುತ್ತಾರೆ. ಜೊತೆಗೆ ಸಿಂಗಲ್ ಪೋಲ್ ಎಂಸಿಬಿ ಫೇಸ್ ಮಾತ್ರ ಕಡಿಯುತ್ತದೆ, ನ್ಯೂಟ್ರಲ್ ಹಾಗೇ ಸೇರಿಕೊಂಡಿರುತ್ತದೆ. ಸೂರಿನೊಳಗೆ ಆ ನ್ಯೂಟ್ರಲ್ ಬಾಕ್ಸಿನ ಕಬ್ಬಿಣಕ್ಕೋ ಚಾನೆಲ್ಲಿಗೋ ತಾಗಿದರೆ, ಎಂಸಿಬಿ ಆಫ್ ಇದ್ದರೂ ಆರ್‌ಸಿಸಿಬಿ ಬೀಳುತ್ತಲೇ ಇರುತ್ತದೆ. ಕಾರಣ ಹುಡುಕಲು ದಿನಗಟ್ಟಲೆ ಬೇಕಾಗುತ್ತದೆ, ಏಕೆಂದರೆ ಆಫ್ ಇರುವ ಲೈನಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಬಿಚ್ಚಿದ ವೈರನ್ನು ಪೈಪಿನಿಂದ ಎಳೆದು ತೆಗೆಯಿರಿ. ಎಳೆಯುವಾಗಲೇ ಅದರ ತುದಿಗೆ ನೈಲಾನ್ ದಾರ ಕಟ್ಟಿ ಒಳಗೆ ಬಿಟ್ಟರೆ ಮುಂದೆ ಕ್ಯಾಮೆರಾ ಅಥವಾ ಲೈಟ್ ಬೇಕೆನಿಸಿದಾಗ ಗೋಡೆ ಕೊರೆಯುವುದು ಉಳಿಯುತ್ತದೆ. ಪ್ಲಾಸ್ಟರ್‌ನಲ್ಲೇ ಹೂತ, ಎಳೆಯಲು ಬಾರದ ವೈರಾದರೆ ಎರಡೂ ತುದಿಯ ಪ್ರತಿ ವೈರನ್ನೂ ಬೇರೆಬೇರೆ ಕನೆಕ್ಟರಿನಲ್ಲಿ ಮುಚ್ಚಿ. ಬೋರ್ಡಿನ ಕಡೆ "ಬಳಕೆಯಲ್ಲಿಲ್ಲ, ಸೂರಿನ ಪಾಯಿಂಟ್" ಎಂದು ಚೀಟಿ ಕಟ್ಟಿ, ಯಾವ ಟರ್ಮಿನಲ್ಲಿಗೂ ತಾಗದಂತೆ ಮಡಚಿಡಿ.

ಹೊರಗಿನ ಬಾಕ್ಸ್ ಕಿತ್ತು, ಪೈಪಿನ ಬಾಯಿಗೆ ಎಂಡ್ ಕ್ಯಾಪ್ ಹಾಕಿ. ಕ್ಯಾಪ್ ಇಲ್ಲದಿದ್ದರೆ ಆ ಪೈಪೇ ಇರುವೆ, ಜಿರಳೆ ಮತ್ತು ಮಳೆನೀರಿಗೆ ಒಳಗಿನ ಬೋರ್ಡಿನವರೆಗೆ ದಾರಿಯಾಗುತ್ತದೆ. ಗೋಡೆಯ ಗುಂಡಿಯ ಧೂಳು ತೆಗೆದು, ನೀರು ಚಿಮುಕಿಸಿ, 1:4 ಸಿಮೆಂಟ್ ಗಾರೆಯನ್ನು ಎರಡು ಸಲ ತುಂಬಿಸಿ. ಒಂದೇ ಸಲ ತುಂಬಿದರೆ ಜೋತುಬಿದ್ದು ಸುತ್ತಲೂ ಬಿರುಕು ಬಿಡುತ್ತದೆ. ನಮ್ಮ ಬಿಸಿಲಿಗೆ ಮೂರು ದಿನವಾದರೂ ಹಸಿಗೋಣಿ ಹಚ್ಚಿ ನೀರು ಉಣಿಸಿ, ಆಮೇಲೆ ಚಾನೆಲ್ ಹೊಡೆಸಿ.

ಲೂಪ್ ಇದ್ದರೆ

ಎಲ್ಲಕ್ಕಿಂತ ಒಳ್ಳೆಯದು, ಬೋರ್ಡಿನಿಂದ ಮುಂದಿನ ಪಾಯಿಂಟಿಗೆ ನಡುವೆ ಎಲ್ಲೂ ಕಡಿಯದ ಹೊಸ ವೈರನ್ನೇ ಎಳೆಯುವುದು. ಜೋಡಣೆಯೇ ಇಲ್ಲದ ಮೇಲೆ ಮುಚ್ಚಿದರೂ ಭಯವಿಲ್ಲ. ಪೈಪಿನೊಳಗೆ ಇದ್ದರೆ ಆಯಿತು. ಪೈಪ್ ತಿರುವುಗಳಿಂದಾಗಿ ಎಳೆಯಲು ಬರದಿದ್ದರೆ ಮಾತ್ರ ಜಂಕ್ಷನ್ ಬಾಕ್ಸ್ ಹಾಕಿಸಿ.

ಹಳೆಯ ಸಾಕೆಟ್ ಬಾಕ್ಸಿನಲ್ಲೇ ವೈರು ತಿರುಚಿ, ಕಪ್ಪು ಟೇಪ್ ಸುತ್ತಿ ಒಳಗೆ ತಳ್ಳುವುದನ್ನು ಒಪ್ಪಬೇಡಿ. ಟೇಪಿನ ಅಂಟು ಒಂದೆರಡು ಬೇಸಿಗೆಯಲ್ಲಿ ಕರಗಿ ಸುತ್ತು ಬಿಚ್ಚಿಕೊಳ್ಳುತ್ತದೆ. 4×4 ಇಂಚಿನ, ಧೂಳು, ನೀರು ತಡೆಯುವ ಐಪಿ 55 ಗುರುತಿನ ಪಿವಿಸಿ ಬಾಕ್ಸ್ ಒಂದು, ವೈರಿನ ದಪ್ಪಕ್ಕೆ ತಕ್ಕ ಲಿವರ್ ಕನೆಕ್ಟರ್ (ಪುಟ್ಟ ಹಿಡಿ ಒತ್ತಿ ವೈರು ಬಿಗಿಯುವ ಜೋಡಕ) ಮೂರು, ಪೈಪು ಬಾಕ್ಸಿಗೆ ಹೋಗುವ ತೂತನ್ನು ಬಿಗಿಮಾಡುವ, ಪೈಪಿನ ಅಳತೆಯ ಗ್ಲಾಂಡ್ ಎರಡು ತನ್ನಿ. ಕನೆಕ್ಟರ್ ಮೇಲೆ ಎಷ್ಟು ಸುಲಿಯಬೇಕೆಂದು ಗುರುತಿರುತ್ತದೆ, ಸಾಮಾನ್ಯವಾಗಿ 11 ಮಿಮೀ. ಕಡಿಮೆ ಸುಲಿದರೆ ಹಿಡಿತ ಸಿಗುವುದಿಲ್ಲ, ಹೆಚ್ಚು ಸುಲಿದರೆ ತಾಮ್ರ ಹೊರಗೆ ಇಣುಕುತ್ತದೆ. ಕೂರಿಸಿದ ಮೇಲೆ ಪ್ರತಿ ವೈರನ್ನೂ ಒಮ್ಮೆ ಎಳೆದು ನೋಡಿ. ಪೈಪುಗಳು ಬಾಕ್ಸಿಗೆ ಬದಿಯಿಂದ ಅಥವಾ ಕೆಳಗಿನಿಂದ ಬರಲಿ. ಮೇಲಿನಿಂದ ಬಂದರೆ ಸೋರಿದ ನೀರು ಪೈಪ್ ಹಿಡಿದು ನೇರ ಒಳಗಿಳಿಯುತ್ತದೆ.

ಬಾಕ್ಸಿಗೆ ನೇರ ಕೆಳಗೆ ಪ್ಯಾನೆಲ್ಲಿನಲ್ಲಿ 12×12 ಇಂಚಿನ ಬಾಗಿಲು ಇರಲೇಬೇಕು. ಬಾಗಿಲಿನಿಂದ ಬಾಕ್ಸ್ ಮೊಳಕೈ ದೂರದೊಳಗೆ ಇರಲಿ, ಮುಚ್ಚಳ ಬಾಗಿಲಿನ ಕಡೆಗೇ ಮುಖ ಮಾಡಿರಲಿ. ಪ್ಯಾನೆಲ್‌ನವರು ಅಂದ ಕೆಡುತ್ತದೆ ಎನ್ನುತ್ತಾರೆ. ಕೂರಿಸುವ ಮೊದಲೇ ಹೇಳಿದರೆ ಪ್ಯಾನೆಲ್ ಗೆರೆಗೆ ಹೊಂದಿಸಿ ಕತ್ತರಿಸಬಹುದು, ಕಣ್ಣಿಗೆ ಬೀಳುವುದಿಲ್ಲ. ಬಾಗಿಲಿಗೆ ಸ್ಕ್ರೂ ಹಾಕಿಸಿ. ಬರೀ ಆಯಸ್ಕಾಂತದ ಹಿಡಿತವಿದ್ದರೆ ಮುಂಗಾರಿಗೆ ಮೊದಲಿನ ಬಿರುಗಾಳಿ ಅದನ್ನು ಹಾರಿಸಿಕೊಂಡು ಹೋಗುತ್ತದೆ.

ಪಾಯಿಂಟ್ ಇನ್ನೂ ಬೇಕಿದ್ದರೆ

ಪ್ಯಾನೆಲ್ ಗೆರೆಗಿಂತ ಕನಿಷ್ಠ 150 ಮಿಮೀ ಕೆಳಗೆ ಗೋಡೆಯ ಮೇಲೇ ಇಳಿಸುವುದು ಉತ್ತಮ. ಹಬ್ಬದ ದೀಪಕ್ಕಷ್ಟೇ ಬೇಕಿದ್ದರೆ ಪ್ಯಾನೆಲ್ಲಿನ ಮುಖಕ್ಕೆ, ಕೆಳಮುಖವಾಗಿ, ಚಾನೆಲ್ಲಿಗೆ ಬಿಗಿದ ಬಾಕ್ಸಿನಲ್ಲಿ ಕೂರಿಸಬಹುದು. ಬರೀ ಪ್ಯಾನೆಲ್ಲಿಗೆ ಬಿಗಿದರೆ ಪ್ಲಗ್ ಕೀಳುವಾಗ ಪ್ಯಾನೆಲ್ಲೇ ಕೈಗೆ ಬರುತ್ತದೆ. ಎರಡಕ್ಕೂ ಸ್ವಿಚ್ ಮನೆಯೊಳಗಿರಲಿ. ಸಾಕೆಟ್ ಶಟರ್ ಇರುವ ಮೂರು ಪಿನ್ನಿನದು, ಮುಚ್ಚಳವಿರುವ ವೆದರ್‌ಪ್ರೂಫ್ ಬಾಕ್ಸಿನಲ್ಲಿರಲಿ, ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ ಇರಲೇಬೇಕು.

ಸಾಮಾನಿನ ಲೆಕ್ಕ ಹೀಗೆ. ಬೋರ್ಡಿನಿಂದ ಹೊಸ ಜಾಗಕ್ಕೆ 6 ಮೀಟರ್ ಇದೆ ಎನ್ನಿ. 2.5 ಚದರ ಮಿಮೀ ತಾಮ್ರದ ವೈರು ಕೆಂಪು, ಕಪ್ಪು, ಹಸಿರು ತಲಾ 7 ಮೀಟರ್, ಒಟ್ಟು 21 ಮೀಟರ್. ಎರಡೂ ತುದಿಗೆ ಒಂದು ಅಡಿ ಸಡಿಲ ಬಿಟ್ಟ ಲೆಕ್ಕವದು. 20 ಮಿಮೀ ಪೈಪು 3 ಮೀಟರಿನದು ಎರಡು, ಬೆಂಡ್ ಎರಡು, ಎರಡು ಅಡಿಗೊಂದರಂತೆ ಕ್ಲಾಂಪ್ 10–12. ವೈರಿನ ಮೇಲೆ ಐಎಸ್‌ಐ ಗುರುತು ಮತ್ತು ಐಎಸ್ 694 ಎಂದು ಅಚ್ಚಾಗಿದೆಯೇ ನೋಡಿ ಕೊಳ್ಳಿ.

ಕ್ಲಾಂಪ್ ಹೊಡೆಯುವಾಗ ನಮ್ಮ ಕಡೆಯ ಕಲ್ಲನ್ನು ನೆನಪಿಡಿ. ಶಹಾಬಾದ್ ಫರಸಿಯ ಛಜ್ಜಾಕ್ಕೆ ಹ್ಯಾಮರ್ ಡ್ರಿಲ್ ನೇರವಾಗಿ ಹಚ್ಚಿದರೆ ಪದರು ಎದ್ದು ಅಂಚು ಸೀಳುತ್ತದೆ. ಹ್ಯಾಮರ್ ಬಿಟ್ಟು ನಿಧಾನವಾಗಿ ತಿರುಗಿಸಿಯೇ ತೂತು ಶುರುಮಾಡಿ, ಅಂಚಿನಿಂದ ನಾಲ್ಕು ಬೆರಳು ಒಳಗೇ ಇರಲಿ. ಬೀದರಿನ ಕೆಂಪು ಜಂಬಿಟ್ಟಿಗೆಯದು ಬೇರೆ ಕಥೆ: ಮೈಯೆಲ್ಲ ತೂತು, ಮೃದು. ಅದರಲ್ಲಿ ಸಣ್ಣ ಪ್ಲಗ್ ತಿರುಗುತ್ತಲೇ ಇರುತ್ತದೆ, ಬಿಗಿಯುವುದಿಲ್ಲ. 50 ಮಿಮೀ ಉದ್ದದ ಪ್ಲಗ್ ಹಾಕಿಸಿ, ಸಾಧ್ಯವಾದಲ್ಲಿ ಕಲ್ಲಿನ ಬದಲು ಗಾರೆಯ ಸಂದಿನಲ್ಲಿ ಹೊಡೆಸಿ.

ಚಾನೆಲ್, ಸ್ಕ್ರೂ, ಅರ್ತ್

ಪ್ಯಾನೆಲ್ ಸ್ಕ್ರೂ ಬೀಳುವ ಸಾಲಿನಿಂದ ವೈರಿನ ಪೈಪು ಕನಿಷ್ಠ 50 ಮಿಮೀ ದೂರವಿರಲಿ. ಪೈಪನ್ನು ಗೋಡೆಗೋ ತೊಲೆಗೋ ಕಟ್ಟಿ. ಚಾನೆಲ್ ಮೇಲೆ ಹಾಗೇ ಮಲಗಿಸಬೇಡಿ, ಅದರ ಕತ್ತರಿಸಿದ ಅಂಚು ಬ್ಲೇಡಿನಷ್ಟು ಹರಿತ. ಪೈಪಿಲ್ಲದ ಬರಿ ವೈರನ್ನಂತೂ ಸೂರಿನೊಳಗೆ ಬಿಡಲೇಬಾರದು.

ಚಾನೆಲ್ಲಿನ ಚೌಕಟ್ಟಿಗೆ 2.5 ಚದರ ಮಿಮೀ ಹಸಿರು ವೈರನ್ನು ಲಗ್ (ವೈರಿನ ತುದಿಗೆ ಹಾಕುವ ಲೋಹದ ಉಂಗುರ) ಮತ್ತು ನಟ್ ಬೋಲ್ಟಿನಿಂದ ಬಿಗಿದು ಮನೆಯ ಅರ್ತ್‌ಗೆ ಸೇರಿಸಿ. ಅದು ಪೇಂಟ್ ಕೆರೆದ ಜಾಗದಲ್ಲೇ ಬಿಗಿಯಾಗಬೇಕು. ಪತ್ರಾ ಅಥವಾ ಎಸಿಪಿ ಇದ್ದರೆ ಇದನ್ನು ಬಿಡುವ ಹಾಗೇ ಇಲ್ಲ. ಮನೆಯ ಅರ್ತ್ ಗುಂಡಿಯ ಸ್ಥಿತಿಯನ್ನೂ ನೋಡಿಸಿ: ಎರೆಮಣ್ಣು ಬೇಸಿಗೆಯಲ್ಲಿ ಬಿರುಕುಬಿಟ್ಟು ಪೈಪಿನ ಸುತ್ತ ದೂರ ಸರಿಯುತ್ತದೆ, ಆಗ ಅರ್ತ್ ಹೆಸರಿಗಷ್ಟೇ ಉಳಿಯುತ್ತದೆ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಗುಂಡಿಗೆ ನೀರು ಹಾಕುತ್ತಿರಬೇಕು.

ಇನ್ನು ಗಾಳಿ. ಪತ್ರಾ ಮತ್ತು ಪಿವಿಸಿ ಪ್ಯಾನೆಲ್ ನಡುವೆ ನಾಲ್ಕಾರು ಇಂಚು ಅಂತರವಿಟ್ಟು, ಎರಡೂ ಕೊನೆಗೆ ಜಾಳಿಗೆ ಹಾಕಿಸಿ. ಇಲ್ಲದಿದ್ದರೆ ಪ್ಯಾನೆಲ್ ಕಾದು ಜೋಲುತ್ತದೆ.

ಮುಚ್ಚುವ ಮುನ್ನ ಪರೀಕ್ಷೆ

ಕರೆಂಟ್ ಆಫ್ ಇರುವಾಗಲೇ ಮಾಳಿಗೆಯ ಮೇಲಿನಿಂದ ಸೂರಿಗೆ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಡಿ. ಎಲ್ಲಿ ಹನಿಯುತ್ತದೆಂದು ನೋಡಿ, ಮೊದಲು ಅದನ್ನು ಸರಿಮಾಡಿಸಿ. ಒಣಗಿದ ಮೇಲೆ ವೈರ್‌ಮನ್ 500 ವೋಲ್ಟಿನ ಮೆಗ್ಗರ್ (ವೈರಿನ ಹೊದಿಕೆ ಕರೆಂಟು ಸೋರದಂತಿದೆಯೇ ಎಂದು ಅಳೆಯುವ ಮೀಟರ್) ಹಚ್ಚಿ ಫೇಸ್, ನ್ಯೂಟ್ರಲ್ ಎರಡನ್ನೂ ಅರ್ತ್ ವಿರುದ್ಧ ಅಳೆಯಲಿ. ಅದಕ್ಕೂ ಮುನ್ನ ಎಲ್‌ಇಡಿ ಬಲ್ಬು, ಕ್ಯಾಮೆರಾ ಅಡಾಪ್ಟರ್, ಟಿವಿ ಎಲ್ಲ ಬಿಚ್ಚಿರಬೇಕು. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಎಲ್ಲೋ ತೇವ ಅಥವಾ ಗಾಯ ಇದೆ. ಪ್ಯಾನೆಲ್ ಹಚ್ಚುವುದನ್ನು ನಿಲ್ಲಿಸಿ.

ಸರಿ ಬಂದರೆ ಮೇನ್ ಹಾಕಿ, ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ. ಅದು ತಕ್ಷಣ ಬೀಳಬೇಕು. ಆಮೇಲೆ ಗೇಟಿನ ಲೈಟ್, ಬೆಲ್, ಕ್ಯಾಮೆರಾ, ಬೋರಿನ ಮೋಟಾರ್ ಎಲ್ಲವನ್ನೂ ಒಂದೊಂದಾಗಿ ಹಾಕಿ ನೋಡಿ. ಗೋಡೆಯಲ್ಲಿ ಕೆಳಗಿಳಿಸಿದ ಪಾಯಿಂಟಿಗೆ ಕೂಲರನ್ನೇ ಚುಚ್ಚಿ ಅರ್ಧ ಗಂಟೆ ಓಡಿಸಿ, ಮತ್ತೆ ಮೇನ್, ಇನ್ವರ್ಟರ್ ಎರಡನ್ನೂ ಆಫ್ ಮಾಡಿ ಕನೆಕ್ಟರ್ ಮುಟ್ಟಿ ನೋಡಿ. ಅಕ್ಕಪಕ್ಕದ ಪೈಪಿಗಿಂತ ಬಿಸಿ ಇರಬಾರದು.

ಪ್ಯಾನೆಲ್ ಹಚ್ಚುವ ಮೊದಲು ಪ್ರತಿ ಗೋಡೆಗೂ ಅಳತೆಪಟ್ಟಿ ಹಿಡಿದು ಫೋಟೋ ತೆಗೆಯಿರಿ. ಬಾಗಿಲು ಎಲ್ಲಿದೆ, ಯಾವ ಪಾಯಿಂಟ್ ತೆಗೆಯಲಾಗಿದೆ, ಯಾವ ಎಂಸಿಬಿ ಯಾವುದಕ್ಕೆ ಎಂದು ಒಂದು ಹಾಳೆಯಲ್ಲಿ ಬರೆದು ಎಂಸಿಬಿಗಳಿರುವ ಡಿಬಿ ಪೆಟ್ಟಿಗೆಯ ಬಾಗಿಲ ಒಳಗೆ ಅಂಟಿಸಿ. ಈ ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾಡಿಸಿದ ಮೇಲಿನ ಮೊದಲ ಮಳೆಗಾಲದಲ್ಲಿ, ಒಂದು ಜೋರು ಮಳೆ ಬಿದ್ದ ಮರುದಿನ ಮೇನ್ ಮತ್ತು ಇನ್ವರ್ಟರ್ ಆಫ್ ಮಾಡಿಸಿ, ಬಾಗಿಲು ತೆಗೆದು ಬಾಕ್ಸಿನ ಒಳಗೆ ಹನಿ ಕಟ್ಟಿದೆಯೇ ಎಂದು ಟಾರ್ಚ್ ಹಿಡಿದು ನೋಡಿಸಿ.